ಇಣಿ ಸಕ್ರಪ್ಪನ ಹೆಂಡತಿಯ ಜೇಕು

"ಸೂಜಿ ಚುಚ್ಚಿಸ್ಕೊಂಡು ಬಂದೀ ಅಂದ್ರ ಈ ಹೊಸ್ತಿಲಾ ತುಳಿಬ್ಯಾಡ ನೋಡು!"

"ಹೊಸ್ತಿಲಾ ಏನ್ ನಿಮ್ಮಪ್ಪ ಹೊತ್ಕೊಂಡು ಬಂದಿದ್ನೇನ್ರಿ? ದಿನಾ ತೊಳಿಯಾಕಿ ನಾನು, ರಂಗೋಲಿ ಹಾಕಾಕಿ ನಾನು. ತುಳಿಬ್ಯಾಡ ಅನ್ನಾಕ ನೀವ್ಯಾರು?"

"ನಾ ನಿನ್ನ ಗಂಡ!"

"ಗೊತ್ತೈತ್ರಿ. ದಿನಾ ನಿಮ್ಮ ಗಡ್ಡಿಗೆ ಹರಳೆಣ್ಣಿ ತಿಕ್ಕಿ ತಿಕ್ಕಿ ನನ್ನ ಬೆರಳು ಸವದಾವು, ಮರಿಯೂದು ಹೆಂಗ? ನಿಮ್ಮದಕ್ಕ ಶೀಶೆಗಟ್ಟಲೆ ಎಣ್ಣಿ ಬೇಕು, ನನ್ನದಕ್ಕ ಒಂದು ಸೂಜಿ ಬ್ಯಾಡ?"

"ನನ್ನದಕ್ಕ ಗಡ್ಡಿ ಅನಬ್ಯಾಡ ಅಂತ ಎಷ್ಟ ಸಲ ಹೇಳೀನಿ? ಇಣಿ ಅನ್ನು, ಇಣಿ!"

"ಹೌದ್ರಿ, ಇಣಿ. ಕೋಡು ಒಂದು ಬರಬೇಕು, ಬಾಲ ಒಂದು ಬರಬೇಕು. ಬಂದ್ರ ನಿಮ್ಮನ್ನ ಪ್ಯಾಟ್ಯಾಗ ನಿಲ್ಲಿಸಿ ಇಸ್ಮಾಯಿಲಣ್ಣನೇ ಮಾರಿ ಬರ್ತಾನ."

ಶಿರಹಟ್ಟಿಯ ಆ ಓಣಿಗೆ ಈ ಜಗಳ ಹೊಸದಲ್ಲ. ಬೆಳಗಿನ ಚಹಾದ ಜೊತೆ ಕೆಲವರು ಬಿಸ್ಕೀಟು ತಿನ್ನುತ್ತಾರೆ, ಕೆಲವರು ಸಕ್ರಪ್ಪನ ಮನೆಯ ಜಗಳ ಕೇಳುತ್ತಾರೆ. ಲಕ್ಷ್ಮೇಶ್ವರದ ದನದ ಪೇಟೆಗೆ ಹೋಗಲೆಂದು ಬಂದು ಕಟ್ಟೆಯ ಮೇಲೆ ಕುಳಿತಿದ್ದ ಇಸ್ಮಾಯಿಲಸಾಬ ಬಸಿಯೊಳಗಿನ ಚಹಾ ಆರಿದ್ದನ್ನೂ ಮರೆತು ಒಮ್ಮೆ ಗಂಡನ ಕಡೆ, ಒಮ್ಮೆ ಹೆಂಡತಿಯ ಕಡೆ ನೋಡುತ್ತಿದ್ದ. ಅವನೂ ಸಕ್ರಪ್ಪನೂ ಜೊತೆಯಾಗಿ ಎತ್ತಿನ ದಲಾಲಿ ಮಾಡುವವರು. ಎಂಥ ಹಾಯುವ ಎತ್ತನ್ನೂ ಮೂಗುದಾರ ಹಿಡಿದು ನಿಲ್ಲಿಸುತ್ತಿದ್ದ ಇಸ್ಮಾಯಿಲಸಾಬನಿಗೆ ಅಮೃತವ್ವನ ಎದುರು ಮಾತ್ರ ಕಟ್ಟೆಯಿಂದ ಇಳಿಯುವ ಧೈರ್ಯವಿರಲಿಲ್ಲ.

ಅಮೃತವ್ವನ ಬಾಯಿ ಅಂಥದು. ಆದರೆ ಆ ಬಾಯಿಗೂ ಒಂದು ಶಿಸ್ತಿತ್ತು. ಎಷ್ಟೇ ಸಿಟ್ಟು ಬರಲಿ, ಗಂಡನಿಗೆ 'ರಿ' ಹಚ್ಚುವುದನ್ನು ಅವಳು ಬಿಟ್ಟವಳಲ್ಲ. ಹುಚ್ಚರದೀರೇನ್ರಿ ಅನ್ನುತ್ತಿದ್ದಳು, ನಿಮ್ಮ ತಲಿ ಒಳಗ ಹೊಟ್ಟು ಐತೇನ್ರಿ ಅನ್ನುತ್ತಿದ್ದಳು. ಹೆಸರಂತೂ ಹಿಡಿದು ಕರೆದದ್ದೇ ಇಲ್ಲ. ರೇಶನ್ ಅಂಗಡಿಯವನು ಗಂಡನ ಹೆಸರು ಕೇಳಿದರೆ ಪಕ್ಕದಲ್ಲಿ ನಿಂತವರಿಗೆ ಮೊಣಕೈಯಿಂದ ತಿವಿಯುತ್ತಿದ್ದಳು, ಅವರು ಹೇಳಬೇಕು.

ಈ ಜಗಳದ ಬುಡ ಹುಡುಕಬೇಕೆಂದರೆ ಸಕ್ರಪ್ಪನ ಬೆನ್ನಿಗೇ ಹೋಗಬೇಕು.

ಮಗಳು ರೇಷ್ಮಾ ಅಂಬೆಗಾಲಿಕ್ಕುವಾಗ ಅವನ ಕುತ್ತಿಗೆಯ ಕೆಳಗೆ, ಎರಡು ಹೆಗಲ ನಡುವೆ, ಕಡಲೆಕಾಳಿನಷ್ಟು ಒಂದು ಗಂಟು ಎದ್ದಿತ್ತು. ರೇಷ್ಮಾ ಶಾಲೆಗೆ ಹೋಗುವಾಗ ಅದು ನಿಂಬೆಹಣ್ಣಾಯಿತು. ಅವಳ ಲಗ್ನವಾಗಿ ಕೋಟುಮಚಗಿಗೆ ಹೋಗುವ ಹೊತ್ತಿಗೆ ಬೆಳವಲಕಾಯಿ ಆಗಿತ್ತು. ಮೆತ್ತಗೆ, ಒತ್ತಿದರೆ ಅತ್ತಿತ್ತ ಸರಿಯುವಂಥದು. ನೋವಿಲ್ಲ, ಕೀವಿಲ್ಲ, ರಕ್ತವಿಲ್ಲ. ಸುಮ್ಮನೆ ಕುಳಿತುಕೊಂಡು ಉಂಡು ಬೆಳೆದ ಗಡ್ಡೆ. ಆ ಗುಣ ಯಾರಿಂದ ಬಂತೆಂದು ಅಮೃತವ್ವ ಬಿಡಿಸಿ ಹೇಳುತ್ತಿರಲಿಲ್ಲ, ಕೇಳಿದವರಿಗೆ ಗಂಡನನ್ನು ತೋರಿಸುತ್ತಿದ್ದಳು.

ಹಿಂದೊಮ್ಮೆ ಪೇಟೆಯಲ್ಲಿ ಕೆಟ್ಟ ಸುಳಿ ಇದೆಯೆಂದು ಯಾರೂ ಮೂಸಿ ನೋಡದ ಒಂದು ಜೋಡಿ ಎತ್ತನ್ನು ಸಕ್ರಪ್ಪ ಮುಂಡರಗಿಯ ರೈತನೊಬ್ಬನಿಗೆ ದಾಟಿಸಿದ. ಆ ರೈತ ಖುಷಿಯಿಂದ ಬೆನ್ನು ಚಪ್ಪರಿಸಲು ಹೋದವನ ಕೈ ಗಡ್ಡೆಯ ಮೇಲೆ ಬಿತ್ತು. "ಏನ್ ದಲಾಲ್ರ, ಎತ್ತಿಗಿಂತ ನಿಮ್ಮ ಇಣಿನ ಛಲೋ ಐತಲ್ಲ!" ಎಂದು ನಕ್ಕ. ಆ ಎತ್ತುಗಳು ಆ ವರ್ಷ ಚೆನ್ನಾಗಿ ದುಡಿದವು. ಮರುವರ್ಷ ಅವನು ಬಂದು ಮೊದಲು ಗಡ್ಡೆ ಮುಟ್ಟಿ ಆಮೇಲೆ ಎತ್ತು ನೋಡಿದ. ಅವನನ್ನು ನೋಡಿ ಇನ್ನೊಬ್ಬ, ಇನ್ನೊಬ್ಬನನ್ನು ನೋಡಿ ಮತ್ತೊಬ್ಬ. ಎತ್ತಿನ ಹೆಗಲ ಮೇಲಿನ ಡುಬ್ಬಕ್ಕೆ ಇಣಿ ಎನ್ನುತ್ತಾರೆ. ಬಸವಣ್ಣನಿಗೆ ಇರುವುದು ದಲಾಲನಿಗೂ ಬಂದಿದೆಯೆಂದರೆ ಸುಮ್ಮನೆಯೇ? ಸಕ್ರಪ್ಪ ಇಣಿ ಸಕ್ರಪ್ಪನಾದ. ಲಕ್ಷ್ಮೇಶ್ವರದ ದರ್ಜಿ ಶಫೀಕ ಅವನ ಅಂಗಿಗೆ ಬೆನ್ನಿನಲ್ಲಿ ಒಂದು ಜೋಳಿಗೆ ಬಿಟ್ಟು ಹೊಲಿಯತೊಡಗಿದ. ಒಮ್ಮೆ ಪಂಚಾಯ್ತಿ ಚುನಾವಣೆಗೆ ನಿಂತವನೊಬ್ಬ ಹೂವು ಹಿಡಿದುಕೊಂಡು ಬಂದು ಇಣಿ ಮುಟ್ಟಿ ಹೋದ. ಸೋತ. "ಎಡಗೈಲೆ ಮುಟ್ಟಿದ್ದ ಮಗ," ಎಂದು ಸಕ್ರಪ್ಪ ಕಾರಣ ಕೊಟ್ಟ. ಅಲ್ಲಿಗೆ ಇಣಿಯ ಮಾನ ಉಳಿಯಿತು.

ಅವನ ಬೆರಳು ಮಾತ್ರ ಇಣಿಯಂತೆ ಬರೇ ಹೆಸರಿನದಲ್ಲ. ದನದ ಪೇಟೆಯಲ್ಲಿ ರೇಟನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದಲಾಲ ಹೆಗಲ ಮೇಲಿನ ವಲ್ಲಿಯನ್ನು ಕೈಮೇಲೆ ಹಾಸುತ್ತಾನೆ, ಕೊಳ್ಳುವವನು ಅದರ ಕೆಳಗೆ ಕೈ ತೂರಿಸುತ್ತಾನೆ. ಯಾವ ಬೆರಳು ಹಿಡಿದ, ಎಷ್ಟು ಬೆರಳು ಒತ್ತಿದ ಎಂಬುದರ ಮೇಲೆ ಲೆಕ್ಕ. ಸುತ್ತ ನಿಂತವರಿಗೆ ಕಾಣುವುದು ಅಲುಗಾಡುವ ಬಟ್ಟೆ ಮಾತ್ರ. ಅದೇ ಬೆರಳಿನಿಂದ ಸಕ್ರಪ್ಪ ಕಣ್ಣು ಮುಚ್ಚಿ ಎತ್ತಿನ ಪಕ್ಕೆ ಸವರಿದರೆ, ಒಳಗಿನ ಬೇನೆ ಏನೆಂದು ಹೇಳುತ್ತಿದ್ದ. ಅವನ ಬೆರಳಿಗೆ ಮೋಸ ಮಾಡಿದ ಎತ್ತು ಇನ್ನೂ ಹುಟ್ಟಿಲ್ಲವೆಂದು ಇಸ್ಮಾಯಿಲಸಾಬನೇ ಹೇಳುತ್ತಿದ್ದ.

ಹೆಂಡತಿಯ ಮೈಯಲ್ಲಿ ಏನು ಬೆಳೆಯುತ್ತಿದೆ ಎಂಬುದು ಮಾತ್ರ ಆ ಬೆರಳಿಗೆ ಗೊತ್ತಾಗಲಿಲ್ಲ. ಅದು ಅಲ್ಲಿಗೆ ಹೋಗುವುದನ್ನು ಬಿಟ್ಟೇ ಬಹಳ ಕಾಲವಾಗಿತ್ತು.

ಅಮೃತವ್ವನಿಗೆ ಅದು ಸಿಕ್ಕಿದ್ದು ಬಚ್ಚಲಲ್ಲಿ. ಎಡ ಎದೆಯ ಮೇಲೆ ಸಾಬೂನು ಜಾರುವಾಗ ಬೆರಳಿಗೆ ತೊಗರಿಕಾಳಿನಂಥದೊಂದು ತಾಗಿತು. ಒತ್ತಿದಳು, ನೋಯಲಿಲ್ಲ. ನೋವಿಲ್ಲದ್ದು ಬೇನೆ ಹೇಗಾದೀತು? ಗಂಡನ ಬೆನ್ನ ಮೇಲೆ ಬೆಳವಲಕಾಯಿಯೇ ಇದ್ದೂ ಅವನು ಎರಡು ರೊಟ್ಟಿ ಹೆಚ್ಚಿಗೆ ತಿಂದುಕೊಂಡು ಆರಾಮಾಗಿದ್ದಾನೆ, ತನ್ನದು ಕಾಳು, ಇರಲಿ ಬಿಡು ಎಂದುಕೊಂಡಳು. ಹಾಗೆ ಒಂದು ಹಂಗಾಮು ಕಳೆಯಿತು. ಕಾಳು ಕಡಲೆಯಾಯಿತು. ಆಮೇಲೆ ಅದರ ಮೇಲಿನ ಚರ್ಮ ಒಳಗಿನಿಂದ ಯಾರೋ ದಾರ ಕಟ್ಟಿ ಜಗ್ಗಿದಂತೆ ಸಣ್ಣಗೆ ಕುಳಿ ಬಿತ್ತು. ಆಗ ಲಾಲಬಿಗೆ ಹೇಳಿದಳು.

ಲಾಲಬಿ ಇಸ್ಮಾಯಿಲಸಾಬನ ಹೆಂಡತಿ, ಬಳೆ ಮಾರುವವಳು. ಓಣಿಯ ಹೆಂಗಸರ ಕೈಯೂ ಅವರ ಗುಟ್ಟೂ ಎರಡೂ ಅವಳ ಕೈಯಲ್ಲಿ ಮೆತ್ತಗಾಗುತ್ತಿದ್ದವು. ಹಿತ್ತಲ ಬಾಗಿಲು ಹಾಕಿ, "ತೋರಸು ಅಮೃತಕ್ಕ," ಎಂದಳು. ಮುಟ್ಟಿದವಳು ಮತ್ತೊಮ್ಮೆ ಒತ್ತಿ ನೋಡಿದಳು.

"ಏನಽ? ಬಾಯಿ ಬಿಡಽ."

"ಇದು ಕಲ್ಲಿನಂಗ ಐತಲ್ಲಕ್ಕ. ಸರಿಯವಲ್ದು. ಇಣಿ ಅಣ್ಣಂದು ಸರೀತೈತಿ ಹೌದಿಲ್ಲೋ?"

"ಅದಾ? ಅದು ಅವ್ರ ಕೂಡ ಬಸ್ಸಿನ್ಯಾಗ ಕುಣಕೋತ ಹೊಕ್ಕೈತಿ."

"ಹಂಗಾರ ಇದನ್ನ ತೋರಸಬೇಕವಾ. ನಗಬ್ಯಾಡ. ತೋರಸಬೇಕು."

ಗಂಡನ ಮುಂದೆ ಎದೆಯ ಮಾತೆತ್ತಲು ಅಮೃತವ್ವನಂಥ ಬಾಯಿಬಡಕಿಗೂ ನಾಲಿಗೆ ಏಳಲಿಲ್ಲ. ಅದಕ್ಕೆ ಉಪಾಯ ಮಾಡಿದಳು. "ನಿಮ್ಮ ಇಣಿ ದೊಡ್ಡದಾಗೇತ್ರಿ, ಅಂಗಾತ ಮಲಗಾಕ ಬರವಲ್ದು, ಗದಗಿಗೆ ಹೋಗಿ ಒಮ್ಮೆ ತೋರಸೂಣು," ಎಂದಳು. ಸಕ್ರಪ್ಪ ಒಪ್ಪಿದ. ವೈದ್ಯರು ಬೆರಗಾಗುವುದನ್ನು ನೋಡಬೇಕೆಂಬ ಆಸೆ ಅವನಿಗೂ ಇತ್ತು. ಹೊಸ ಅಂಗಿ ಹಾಕಿಕೊಂಡೇ ಹೊರಟ.

ಗದಗಿನಿಂದ ಬೆಟಗೇರಿ ಕಡೆ ಹೋಗುವ ರಸ್ತೆಯಲ್ಲಿ ಒಂದು ಸಣ್ಣ ಆಸ್ಪತ್ರೆ. ಡಾಕ್ಟರು ಯಾಸ್ಮೀನ, ಬೆಟಗೇರಿಯ ನೇಕಾರರ ಮನೆಯ ಹುಡುಗಿ, ಹೈಸ್ಕೂಲಿನ ಮಾಸ್ತರಿಣಿಯಂಥ ಕಣ್ಣು. ಸಕ್ರಪ್ಪನ ಬೆನ್ನ ಮೇಲೆ ಎರಡು ಕಡೆ ಒತ್ತಿದಳು, ಅಂಚು ಹಿಡಿದು ಜಾರಿಸಿದಳು, ಕೈ ತೊಳೆದುಕೊಂಡಳು.

"ಸಾದಾ ಗಡ್ಡಿ ಕಾಕಾ. ಕೊಬ್ಬಿಂದು."

"ಸಾದಾ?" ಸಕ್ರಪ್ಪನ ಮುಖ ಕೆಂಪಾಯಿತು. "ಸಾದಾ ಅಂದ್ರೇನ್ರಿ ಮೇಡಂ? ಮುಂಡರಗಿಯಿಂದ ಮಂದಿ ಇದನ್ನ ಮುಟ್ಟಾಕ ಬರ್ತಾರ."

"ಬರ್ಲಿ ಬಿಡ್ರಿ. ಮುಟ್ಟಿದ್ರ ಅವರಿಗೂ ಏನೂ ಆಗೂದಿಲ್ಲ, ಗಡ್ಡಿಗೂ ಏನೂ ಆಗೂದಿಲ್ಲ. ಉಳ್ಳಾಗಡ್ಡಿ ಇರ್ತೈತಲ್ಲ, ಹಂಗ. ತನ್ನ ಸಿಪ್ಪಿಯೊಳಗ ತಾ ದಪ್ಪ ಆಕ್ಕೋತ ಹೊಕ್ಕೈತಿ. ಬಾಜೂದಾವರನ್ನ ನೂಕಿ ಜಾಗಾ ಮಾಡ್ಕೋತೈತಿ, ಆದ್ರ ಅವರ ಮನಿ ಹೊಗೂದಿಲ್ಲ. ತಗಿ ಅಂದ್ರ ಸಿಪ್ಪಿ ಸಮೇತ ಇಡೀದು ತಗಿತೀನಿ, ಸಂಜೀಕ ಮನಿಗೆ ಹೋಗ್ರಿ. ಹಂಗಂತ ಎಲ್ಲಾ ಸಾದಾ ಗಡ್ಡಿನೂ ಪಾಪದ್ದಲ್ಲ. ತಲಿಯೊಳಗ ಎದ್ದರ ಜಾಗಾ ಇಲ್ಲದ ಒತ್ತಿ ಒತ್ತಿ ತ್ರಾಸ ಕೊಡತೈತಿ. ನಿಮ್ಮದಕ್ಕ ಹೊರಗ ಬೇಕಾದಷ್ಟು ಜಾಗಾ ಐತಿ."

ಇಷ್ಟು ವರ್ಷ ದೇವರಂತೆ ಹೊತ್ತುಕೊಂಡು ತಿರುಗಿದ್ದಕ್ಕೆ ಉಳ್ಳಾಗಡ್ಡಿ ಅಂದುಬಿಟ್ಟಳಲ್ಲ! ಸಕ್ರಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ಒಂದು ಚಾ ಕುಡದು ಬರ್ತೀನಿ," ಎಂದು ಚಪ್ಪಲಿ ಬಡಿಯುತ್ತ ಹೊರಗೆ ಹೋದ. ಅಮೃತವ್ವನಿಗೆ ಬೇಕಾಗಿದ್ದೂ ಅದೇ.

"ಡಾಕ್ಟರ್ ಬಾಯಾರ, ಅವರ್ದು ನೆವ. ಖರೆ ಬಂದಿದ್ದು ನಂದು ತೋರಸಾಕ," ಎಂದು ಸೆರಗು ಸರಿಸಿದಳು.

ಯಾಸ್ಮೀನಳ ಕೈ ಈ ಸಲ ಬೇಗ ಹಿಂದೆ ಬರಲಿಲ್ಲ. ಗಂಟಿನ ಸುತ್ತ ಅಂಚು ಹುಡುಕಿದಳು; ಅಂಚೇ ಇರಲಿಲ್ಲ. ಆಮೇಲೆ ಬಗಲಿನಲ್ಲಿ ಬೆರಳಿಟ್ಟಳು. "ಇಲ್ಲೂ ಒಂದು ಸಣ್ಣದು ಸಿಗಾಕತ್ತೈತಿ. ಗೊತ್ತಿತ್ತೇನವಾ?"

ಗೊತ್ತಿರಲಿಲ್ಲ.

ಸಕ್ರಪ್ಪನನ್ನು ಒಳಗೆ ಕರೆಸಿದರು. ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡಿಸದೆ ಏನೂ ಖಚಿತವಾಗಿ ಹೇಳಲಾಗದು, ಆದರೆ ಇದರ ಲಕ್ಷಣ ತನಗೆ ಸರಿ ಕಾಣುತ್ತಿಲ್ಲ, ಜಲ್ದಿ ಮಾಡಬೇಕು ಎಂದು ಯಾಸ್ಮೀನ ನೆಟ್ಟಗೆ ಹೇಳಿದಳು. ಸಕ್ರಪ್ಪ ಮೊದಲು ಕೇಳಿದ್ದು, "ನೋಸತೈತೇನು?" ಎಂದು.

"ಇಲ್ಲ," ಎಂದಳು ಅಮೃತವ್ವ.

"ಮತ್ತ? ನೋವ ಇಲ್ಲಂತ!"

"ನೋವಿಲ್ಲ ಅಂತನ ಮಂದಿ ತಡಾ ಮಾಡತಾರ ಕಾಕಾ," ಎಂದಳು ಯಾಸ್ಮೀನ.

"ಯಾಕ ಬಂತ್ರಿ ಇದು ಬಾಯಾರ? ನಾ ಏನ್ ಮಾಡಬಾರದ್ದು ಮಾಡೀನಿ?" ಅಮೃತವ್ವನ ಧ್ವನಿ ಜಗಳಕ್ಕೆ ನಿಂತಂತಿತ್ತು; ಯಾರ ಜೊತೆ ಎಂದು ಅವಳಿಗೇ ತಿಳಿದಿರಲಿಲ್ಲ.

"ನೀವೇನೂ ಮಾಡಿಲ್ಲವಾ. ಮೈಯೊಳಗ ಲೆಕ್ಕಕ್ಕ ಸಿಗದಷ್ಟು ಕಣ ಅದಾವು, ಕಣ್ಣಿಗೆ ಕಾಣದಷ್ಟು ಸಣ್ಣಾವು. ಹಳೇವು ಸಾಯ್ತಾವು, ಒಂದು ಎರಡಾಗಿ ಹೊಸಾವು ಹುಟ್ಟತಾವು. ಎರಡಾಗೂಮುಂದ ಒಳಗ ಬರದಿಟ್ಟಿದ್ದೆಲ್ಲಾ ನಕಲಾಗಬೇಕು. ಯಾವಾಗ ಬೆಳೀಬೇಕು, ಯಾವಾಗ ಸಾಕು ಮಾಡಬೇಕು, ಎಲ್ಲಾ ಅದರಾಗ ಇರ್ತೈತಿ. ನಕಲಿನಾಗ ತಪ್ಪು ಬೀಳತಾವು. ಬಹಳಷ್ಟು ತಪ್ಪು ಮೈಯನ ತಿದ್ದಕೋತೈತಿ, ಇಲ್ಲಾ ಕೆಟ್ಟ ಕಣಾ ತಾನ ಸಾಯ್ತೈತಿ. ಎಲ್ಲೋ ಒಂದು ಉಳದು, ತಪ್ಪಿನ ಮ್ಯಾಲ ತಪ್ಪು ಕೂಡಿ, ವರ್ಷಾನುಗಟ್ಟಲೆ ಆದ ಮ್ಯಾಲ ಸಾಕು ಅಂದ್ರ ಕೇಳದಂಗ ಆಗತೈತಿ. ಬೆಳಕೋತನ ಹೊಕ್ಕೈತಿ."

"ಹೇಳಿದ ಮಾತು ಕೇಳೂದಿಲ್ಲ, ಉಣ್ಣೂದು ಬಿಡೂದಿಲ್ಲ," ಎಂದು ಅಮೃತವ್ವ ಗಂಡನ ಕಡೆ ನೋಡಿದಳು. "ಅಂಥಾದ್ದೊಂದು ನಮ್ಮನ್ಯಾಗೂ ಐತಿ ಬಾಯಾರ."

ಯಾಸ್ಮೀನ ನಕ್ಕಳು, ಮತ್ತೆ ಮುಖ ಗಂಭೀರ ಮಾಡಿಕೊಂಡಳು. "ಸಾದಾ ಗಡ್ಡಿನೂ ಹಿಂಗ ಮಾತು ಕೇಳದ್ದ, ಆದ್ರ ತನ್ನ ಸಿಪ್ಪಿ ದಾಟಂಗಿಲ್ಲ. ಕೆಟ್ಟದ್ದಕ್ಕ ಸಿಪ್ಪಿನ ಇಲ್ಲ. ಸುತ್ತಲೂ ಬೇರು ಬಿಡತೈತಿ. ಕದ್ದು ನಳಾ ಜೋಡಿಸ್ಕೊಂಡವ್ರಂಗ ರಕ್ತದ ನಾಳ ತನ್ನ ಕಡೆ ಎಳಕೋತೈತಿ. ಅದರಾಗಿಂದ ಒಂದೊಂದು ಕಣ ಹರದು ಹೋಗಿ ಬಗಲಿಗೆ, ಯಕೃತ್ತಿಗೆ, ಎಲುಬಿಗೆ ಕೂತು ಅಲ್ಲೂ ಬೆಳೀತೈತಿ."

"ಅಂದ್ರ ಜೇಕಿನಂಗೇನ್ರಿ?"

"ಜೇಕು ಅಂದ್ರ?"

ಅಮೃತವ್ವ ಹೇಳಿದಳು. ಹೊಲದ ಕಳೆ. ಮೇಲೆ ನೋಡಿದರೆ ನಾಲ್ಕು ಹುಲ್ಲೆಲೆ, ಕೆಳಗೆ ಕರಿಮಣ್ಣಿನಲ್ಲಿ ದಾರಕ್ಕೆ ಪೋಣಿಸಿದಂತೆ ಗಡ್ಡೆಯ ಮೇಲೆ ಗಡ್ಡೆ. ಇಲ್ಲಿ ಕಂಡರೆ ಅಲ್ಲೂ ಇರುತ್ತದೆ.

"ಹಂಗ ನೋಡ್ರಿ!" ಎಂದಳು ಯಾಸ್ಮೀನ ಖುಷಿಯಿಂದ. "ಜೇಕಿನಂಗ. ಇನ್ನ ಮ್ಯಾಲ ನಾನೂ ಹಂಗ ಹೇಳ್ತೀನಿ."

ಆ ಒಂದು ಮಾತು ಎಲ್ಲ ಕೆಡಿಸಿತು. ಸಕ್ರಪ್ಪ ಉಳಿದದ್ದನ್ನೆಲ್ಲ ಈ ಕಿವಿಯಿಂದ ಕೇಳಿ ಆ ಕಿವಿಯಿಂದ ಬಿಟ್ಟು ಜೇಕನ್ನು ಮಾತ್ರ ಹಿಡಿದುಕೊಂಡ. ಊರಿಗೆ ಮರಳುವ ಬಸ್ಸು ಮುಳಗುಂದ ದಾಟಿತು. ಆಮೇಲೆ ಒಮ್ಮೆಲೇ, "ಜೇಕು ಕಿತ್ತರ ಏನಾಗತೈತಿ?" ಎಂದ.

"ಏನಾಗತೈತ್ರಿ?"

"ದಾರ ಹರೀತೈತಿ. ಒಳಗ ಉಳದ ಗಡ್ಡಿ ಒಂದಕ್ಕ ಹತ್ತು ಚಿಗೀತಾವು. ಡಾಕ್ಟರ್ ಬಾಯಿಂದನ ಬಂದೈತಿ, ಇದು ಜೇಕು ಅಂತ. ಅದಕ್ಕ ಸೂಜಿ ಚುಚ್ಚಿ ಕೆದರತೀನಿ ಅಂತಾಳ! ಕೆದರಿದ್ರ ಮೈತುಂಬ ಹಬ್ಬತೈತಿ. ನಮ್ಮ ಹನಮಂತಗ ಏನಾತು? ಕತ್ತರಿ ಹಚ್ಚಿದ್ರು, ಹೋದ."

ಹನಮಂತ ಸಕ್ರಪ್ಪನ ಚಿಕ್ಕಪ್ಪನ ಮಗ. ಅವನ ಗಲ್ಲದೊಳಗೆ ಹುಣ್ಣೆದ್ದಿತ್ತು.

"ಗುಟಕಾ ತಿಂದು ತಿಂದು ಬಾಯಾಗ ಎರಡು ಬೆರಳು ಹೋಗದಂಗ ಆದ ಮ್ಯಾಲ ಹಚ್ಚಿದ್ರು. ಅಲ್ಲೀತನಾ ಬೂದಿ, ಲಿಂಬಿಹಣ್ಣು, ತಾಯತ. ಕತ್ತರಿ ಹೋಗೂದ್ರಾಗ ಅದು ಕುತ್ತಿಗಿಗೆ ಇಳದಿತ್ತು. ನೀವೂ ಅಲ್ಲೇ ಇದ್ರಿ."

"ನಾ ಕಂಡೀನಿ. ಕತ್ತರಿ ಹಚ್ಚೂತನಾ ಇದ್ದ, ಹಚ್ಚಿದ ಮ್ಯಾಲ ಹೋದ."

ಇಂಥ ಲೆಕ್ಕಕ್ಕೆ ಯಾರು ಉತ್ತರ ಕೊಡುತ್ತಾರೆ? ಮುಂದಿನ ಸೀಟಿನವನು ಹಿಂದೆ ತಿರುಗಿ, "ಖರೆ ಐತ್ರಿ, ಲೋಹ ತಾಗಬಾರದು," ಎಂದ. ಅಮೃತವ್ವ ಅವನಿಗೆ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಅವನು ಶಿರಹಟ್ಟಿಯವರೆಗೆ ಮುಂದೆ ನೋಡಿಕೊಂಡೇ ಕುಳಿತ.

ಮನೆಗೆ ಬಂದ ಮೇಲೆ ಇಂದು ನಾಳೆ ಶುರುವಾಯಿತು. ಮೊದಲು ಶೇಂಗಾ ಕೀಳಲಿ ಎಂದ. ಆಮೇಲೆ ಅಮವಾಸ್ಯೆ ಕಳೆಯಲಿ ಎಂದ. ಆಮೇಲೆ ಯಾವುದೋ ಊರಿನ ಎಲೆಯ ಲೇಪ ತಂದ; ಅಮೃತವ್ವ ಅದನ್ನು ಅವನ ಇಣಿಗೆ ಬಳಿದಳು, ಎರಡು ದಿನ ತುರಿಸಿಕೊಂಡ. ಲಾಲಬಿಯ ಫೋನಿನಿಂದ ಅಮೃತವ್ವ ಯಾಸ್ಮೀನಳಿಗೆ ಜೇಕಿನ ಗೊಂದಲ ಹೇಳಿದಾಗ ಆ ಕಡೆಯಿಂದ ಹಣೆ ಬಡಿದುಕೊಂಡದ್ದು ಈ ಕಡೆ ಕೇಳಿಸಿತು.

"ಅಯ್ಯೋ, ಸೂಜಿ ಹಾಕೂದು ಕೀಳಾಕಲ್ಲವಾ. ಒಳಗಿರೂದು ಉಳ್ಳಾಗಡ್ಡಿನೋ ಜೇಕೋ ಅಂತ ಒಂದು ಚೂರು ತಗದು ನೋಡಾಕ. ಸೂಜಿಯಿಂದ ಹಬ್ಬತೈತಿ ಅನ್ನೂದು ಸುಳ್ಳು. ಹಬ್ಬೂದು ಸುಮ್ಮ ಕುಂತಿದ್ರಿಂದ. ಬರ್ರಿ. ಬಗಲಿಗೆ ಬಂದಿದ್ರೂ ಔಷಧ ಐತಿ. ಮುಂದಕ್ಕ ಹೋದ್ರ ನಾನೂ ಕಷ್ಟಪಡಬೇಕು, ನೀವೂ ಕಷ್ಟಪಡಬೇಕು."

ಈ ಜಗಳದ ದಿನ ಬೆಳಿಗ್ಗೆ ಅಮೃತವ್ವ ಎರಡು ಸೀರೆ, ಒಂದು ಚಾದರ ಚೀಲಕ್ಕೆ ತುಂಬಿ ನಡುಮನೆಯಲ್ಲಿ ಇಟ್ಟಿದ್ದಳು. ಬೆಟಗೇರಿಯಲ್ಲಿ ತಂಗಿ ಚನ್ನಮ್ಮ ಇದ್ದಾಳೆ. ಅಲ್ಲಿಂದ ಆಸ್ಪತ್ರೆ ಹತ್ತಿರ. ಅದನ್ನು ಕಂಡೇ ಸಕ್ರಪ್ಪ ಹೊಸ್ತಿಲ ಮಾತೆತ್ತಿದ್ದ.

"ಯಾಕ್ಲೇ ಸಕ್ರಪ್ಪ," ಎಂದು ಇಸ್ಮಾಯಿಲಸಾಬ ಕಡೆಗೂ ಕಟ್ಟೆಯಿಂದ ಇಳಿದು ಒಳಗೆ ಬಂದ. "ಡಾಕ್ಟರ್ ಹೇಳ್ಯಾರಲ್ಲ. ಹೋಗಿ ಬರ್ಲಿ ಬಿಡು."

"ನಿನಗ ಗೊತ್ತಿಲ್ಲೋ ಇಸ್ಮಾಯಿಲ. ಅದು ಜೇಕಿನ ಗಡ್ಡಿ, ಕೆದರಬಾರದು!"

"ಕುಂಟಿ ಹೊಡದು ಮ್ಯಾಲ ಮ್ಯಾಲ ಕೆದರಿದ್ರ ಹಬ್ಬತೈತಿ," ಎಂದಳು ಅಮೃತವ್ವ. "ಅದಕ್ಕ ರಂಟಿ ಹೊಡೀಬೇಕು, ಆಳಕ್ಕ ಹೊಡದು ಮಣ್ಣ ಸಮೇತ ಆರಿಸಬೇಕು, ಉಳದದ್ದಕ್ಕ ಔಷಧ ಹೊಡೀಬೇಕು. ನಿಮ್ಮಪ್ಪನೂ ಅದನ್ನ ಮಾಡ್ಯಾನ, ನಮ್ಮಪ್ಪನೂ ಅದನ್ನ ಮಾಡ್ಯಾನ. ಜೇಕು ಹುಟ್ಟೈತಿ ಅಂತ ಹೊಲದ ಬದುವಿನ ಮ್ಯಾಲ ಕುಂತು ಬೀಡಿ ಸೇದಿದಾವ್ರು ಯಾರಾದ್ರೂ ಇದ್ರ ತೋರಸ್ರಿ ನನಗ!"

ಉತ್ತರ ಹೊಳೆಯದಿದ್ದಾಗ ಮನುಷ್ಯ ಖರೆ ಮಾತಾಡಿಬಿಡುತ್ತಾನೆ.

"ನಿನಗ ದೊಡ್ಡ ಬ್ಯಾನಿ ಐತಿ ಅಂತ ಖಬರ ಹರಡಿತಂದ್ರ ಪ್ಯಾಟ್ಯಾಗ ನನ್ನ ಇಣಿ ಯಾವ ಮಗ ಮುಟ್ಟತಾನ? ಹೇಳು! ಗಂಡಂದು ಬೆನ್ನ ಮ್ಯಾಲ, ಹೆಂಡ್ತೀದು ಎದಿ ಮ್ಯಾಲ, ಇದು ಅಂಟ ರೋಗ ಅಂತಾರ. ಒಬ್ಬನೂ ಹತ್ರ ಬರಂಗಿಲ್ಲ. ಹಂಗಾಮು ಶುರು ಆಗೂ ಹೊತ್ತಿನ್ಯಾಗ ಸೂಜಿ ಅಂತ ಹೊಂಟಾಳ ಸೂಜಿ!"

ಓಣಿಯಲ್ಲಿ ಚಹಾದ ಬಸಿಗಳು ಕೆಳಗಿಳಿದವು. ಇಸ್ಮಾಯಿಲಸಾಬ ತಲೆ ತಗ್ಗಿಸಿ, "ಛೀ," ಎಂದ. ಅವನ ಗೆಳೆತನದಲ್ಲಿ ಅಂಥ ಮಾತು ಅದೇ ಮೊದಲು.

ಅಮೃತವ್ವ ಕೂಗಾಡಲಿಲ್ಲ. ಅದನ್ನು ನೋಡಿಯೇ ಸಕ್ರಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಅವಳು ಬಂದು ಅವನ ಹೆಗಲ ಮೇಲಿನ ವಲ್ಲಿಯನ್ನು ಜಗ್ಗಿಕೊಂಡು ತನ್ನ ಸೆರಗಿನ ಮೇಲೆ ಹಾಸಿಕೊಂಡಳು.

"ಕೈ ಕೊಡ್ರಿ."

"ಏ, ಏನ್ ಮಾಡಾಕತ್ತಿ? ಇಸ್ಮಾಯಿಲ ನಿಂತಾನ."

"ನಿಲ್ಲಲಿ. ದಿನಾ ನಿಮ್ಮ ಪಕ್ಕದಾಗ ನಿಂತ ವ್ಯಾಪಾರ ನೋಡ್ತಾನ. ಕೈ ಕೊಡ್ರಿ ಅಂದೆ."

ಇಸ್ಮಾಯಿಲಸಾಬ ಗೋಡೆಯ ಕಡೆ ಮುಖ ಮಾಡಿ, ಹಳೆಯ ಕ್ಯಾಲೆಂಡರ್‌ನ ಬಸವಣ್ಣನನ್ನು ನೋಡುತ್ತ ನಿಂತ. ಅಮೃತವ್ವ ಗಂಡನ ಮಣಿಕಟ್ಟು ಹಿಡಿದು ವಲ್ಲಿಯ ಕೆಳಗೆ ಎಳೆದುಕೊಂಡಳು. ಎಡ ಎದೆಯ ಮೇಲೆ ಒತ್ತಿ ಹಿಡಿದಳು. ಅಲ್ಲಿಂದ ಬಗಲಿಗೆ ಒಯ್ದಳು. ಅಲ್ಲಿ ಬಿಟ್ಟಳು.

"ಕಣ್ಣು ಮುಚ್ಚಿ ಎತ್ತಿನ ಬ್ಯಾನಿ ಹೇಳಾವ್ರು. ಹೇಳ್ರಿ ನೋಡೂಣು, ಏನೈತಿ?"

ಸಕ್ರಪ್ಪನ ಕಣ್ಣು ತಾನಾಗಿಯೇ ಮುಚ್ಚಿತು. ಬೆರಳು ರೂಢಿಯಂತೆ ಕೆಲಸ ಶುರುಮಾಡಿತು. ಮೇಲೊಂದು, ಕಲ್ಲಿನಂಥದು, ಅಂಚಿಲ್ಲದ್ದು, ಪಕ್ಕೆಗೆ ಬೆಸುಗೆ ಹಾಕಿದಂತೆ ಕುಳಿತದ್ದು. ಬಗಲಲ್ಲಿ ಒಂದು. ಅದರ ಹಿಂದೆ ಇನ್ನೊಂದು. ಆಗ ಬಗಲಲ್ಲಿ ಡಾಕ್ಟರಿಗೆ ಸಿಕ್ಕಿದ್ದು ಒಂದೇ ಗಂಟು. ಅವನ ಮುಖದ ಬಣ್ಣ ಇಳಿಯುತ್ತ ಹೋಯಿತು. ತುಟಿ ಏನೋ ಲೆಕ್ಕ ಹಾಕಿತು. ಬೆರಳಿಗೆ ಎಲ್ಲ ಗೊತ್ತಾಯಿತು ಎಂಬುದು ಅಮೃತವ್ವನಿಗೂ ಗೊತ್ತಾಯಿತು. ಇನ್ನು ನಡಿ, ಬಸ್ಸಿಗೆ ಹೊತ್ತಾತು ಎನ್ನುತ್ತಾನೆ, ಎಂದು ಕಾದಳು. ಅಷ್ಟು ಅಂದಿದ್ದರೆ ಸಾಕಿತ್ತು. ಇಣಿಯ ಮಾತು, ಪೇಟೆಯ ಮಾತು ಎಲ್ಲ ನುಂಗಿಕೊಳ್ಳುತ್ತಿದ್ದಳು.

ವಲ್ಲಿಯ ಕೆಳಗೆ ಅವನ ಕೈ ಅವಳ ಕೈಯನ್ನು ಹುಡುಕಿತು. ಸಿಕ್ಕಿತು. ಒಂದು ಬೆರಳು ಹಿಡಿದು ಒತ್ತಿದ.

ಅಮೃತವ್ವನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಮತ್ತೆ ಒತ್ತಿದ. ಕಣ್ಣು ತೆರೆದು, ಪೇಟೆಯಲ್ಲಿ ರೈತನನ್ನು ಒಲಿಸುವಾಗ ನಗುತ್ತಿದ್ದ ಅದೇ ನಗೆಯನ್ನು ಅರ್ಧಕ್ಕೆ ತಂದು ನಿಲ್ಲಿಸಿದ್ದ.

"ಒಂದು ತಿಂಗಳು," ಎಂದ ಮೆಲ್ಲಗೆ. "ಈ ಹಂಗಾಮು ಒಂದು ದಾಟಲಿ. ಆಮ್ಯಾಲ ನಾನ ಕರಕೊಂಡು ಹೊಕ್ಕೀನಿ."

ಅವಳು ಮರಳಿ ಬೆರಳು ಒತ್ತದ್ದನ್ನು ಕಂಡು ಇನ್ನಷ್ಟು ಇಳಿದ. "ಆತು, ಹದಿನೈದು ದಿನ."

ಅಮೃತವ್ವ ಕೈ ಕೊಡವಿಕೊಂಡಳು. ವಲ್ಲಿ ನೆಲಕ್ಕೆ ಬಿತ್ತು.

"ಇದು ಎತ್ತಲ್ಲೋ ಸಕ್ರಪ್ಪ," ಎಂದಳು.

ಗೋಡೆಯ ಕಡೆ ನಿಂತಿದ್ದ ಇಸ್ಮಾಯಿಲಸಾಬ ಬೆಚ್ಚಿ ತಿರುಗಿದ. ಸಕ್ರಪ್ಪ ತನ್ನ ಹೆಸರನ್ನು ಎಂದೂ ಕೇಳದವನಂತೆ ಬಾಯಿ ತೆರೆದು ನಿಂತ. ಅಮೃತವ್ವ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡಳು, ಬಲಗಡೆಯ ಹೆಗಲಿಗೆ, ಹೊಸ್ತಿಲನ್ನು ಚೆನ್ನಾಗಿ ತುಳಿದೇ ದಾಟಿದಳು. ಎದುರುಮನೆಯ ಬಾಗಿಲಲ್ಲಿ ಲಾಲಬಿ ಬುರ್ಖಾ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಆಗಲೇ ತಯಾರಾಗಿ ನಿಂತಿದ್ದಳು.

"ನಡಿ ಅಮೃತಕ್ಕ, ಗದಗಿನ ಬಸ್ಸು ಬಂದೈತಿ."

ಇಬ್ಬರೂ ಓಣಿಯ ತಿರುವಿಗೆ ಹೋಗುವ ಹೊತ್ತಿಗೆ ಸಕ್ರಪ್ಪನಿಗೆ ದನಿ ಬಂತು. ಕಟ್ಟೆಯ ಮೇಲೆ ಬಂದು ನಿಂತು, ಒಂದು ಕೈ ಬೆನ್ನ ಹಿಂದೆ ಇಣಿಯ ಮೇಲೆ ಇಟ್ಟುಕೊಂಡು ಕೂಗಿದ:

"ಏ! ಸಂಜೀಕ ಬರ್ತೀ ಇಲ್ಲೋ? ಎಣ್ಣಿ ಯಾರು ಹಚ್ಚತಾರ?"

ಅಮೃತವ್ವ ತಿರುಗಿ ನೋಡಲಿಲ್ಲ. ಅಂದೇ ಸೂಜಿ ಹಾಕಿಸಿಕೊಂಡಳು, ಇರುವೆ ಕಚ್ಚಿದಷ್ಟೂ ನೋಯಲಿಲ್ಲವೆಂದು ಲಾಲಬಿಗೆ ಬೈದಳು. ಅದು ಜೇಕೇ ಆಗಿತ್ತು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಕತ್ತರಿಯ ರಂಟಿ ಹೊಡೆಸಿಕೊಂಡಳು, ತಲೆಗೂದಲು ಉದುರುವಂಥ ಔಷಧ ಹೊಡೆಸಿಕೊಂಡಳು. ಬೆಟಗೇರಿಯಲ್ಲಿ ಚನ್ನಮ್ಮನ ಮನೆಯ ಮಗ್ಗದ ಸದ್ದಿಗಿಂತ ಜೋರಾಗಿ ಬೈಯುತ್ತ ಈಗಲೂ ಅಲ್ಲೇ ಇದ್ದಾಳೆ. ಹರಳೆಣ್ಣೆಯ ಶೀಶೆ ಶಿರಹಟ್ಟಿಯ ಮನೆಯ ಗೂಡಿನಲ್ಲೇ ಉಳಿಯಿತು. ಅವಳು ಆ ಹೊಸ್ತಿಲನ್ನು ಮತ್ತೆ ತುಳಿಯಲಿಲ್ಲ.